ಬೆಂಗಳೂರಲ್ಲಿ ಕಂಪನಿ ವಿಡಿಯೋ ಮಾಡಿಸೋದು: ಏಜೆನ್ಸಿ, ಫ್ರೀಲ್ಯಾನ್ಸರ್, ಸಣ್ಣ ಟೀಮ್ ಮೂರೂ ನೋಡಿದ ಮೇಲೆ

ನಾನು ಪೀಣ್ಯದಲ್ಲಿ ಒಂದು ಮಷೀನಿಂಗ್ ಕಂಪನಿಯಲ್ಲಿ ಮಾರ್ಕೆಟಿಂಗ್ ನೋಡ್ಕೊಳ್ತೀನಿ, ನಾವು ಆಟೋಮೊಬೈಲ್‌ನವರಿಗೆ ಪಾರ್ಟ್ಸ್ ಮಾಡಿ ಕೊಡೋದು. ಎರಡು ವರ್ಷದೊಳಗೆ ಕಂಪನಿಗೆ ಮೂರು ವಿಡಿಯೋ ಮಾಡಿಸಿದೆ, ಮೂರೂ ಬೇರೆ ಬೇರೆ ಥರದವರ ಹತ್ರ. ಮೊದಲನೇದು 2023ರ ಜನವರಿಯ ಇಮ್‌ಟೆಕ್ಸ್‌ಗೆ (ಮಷೀನ್ ಟೂಲ್‌ಗಳ ದೊಡ್ಡ ಎಕ್ಸಿಬಿಷನ್) ಅಂತ ಒಂದು ದೊಡ್ಡ ಏಜೆನ್ಸಿಯಿಂದ. ಎರಡನೇದು ಐಟಿಐ, ಡಿಪ್ಲೊಮಾ ಹುಡುಗ್ರನ್ನ ಕೆಲಸಕ್ಕೆ ಕರೆಯೋಕೆ, ಅದಕ್ಕೆ ಕ್ಯಾಮೆರಾಮನ್, ಎಡಿಟರ್, ವಾಯ್ಸ್ ಓವರ್ ಅಂತ ಒಬ್ಬೊಬ್ಬರನ್ನೇ ಹುಡುಕಿ ನಾನೇ ಜೋಡಿಸಿದ್ದು. ಮೂರನೇದು 2025ರ ಇಮ್‌ಟೆಕ್ಸ್‌ಗೆ, ಐದು ಜನ ಇರೋ ಒಂದು ಸಣ್ಣ ಪ್ರೊಡಕ್ಷನ್ ಟೀಮ್ ಜೊತೆ. ಮೂರೂ ಎರಡೂವರೆಯಿಂದ ಮೂರು ನಿಮಿಷದ ವಿಡಿಯೋಗಳೇ, ಕೆಲಸ ಮಾತ್ರ ಸ್ವಲ್ಪ ಬೇರೆ ಬೇರೆ, ಅದನ್ನ ಮನಸ್ಸಲ್ಲಿಟ್ಕೊಂಡು ಓದಿ.

ಮೊದಲು ದುಡ್ಡಿನ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಎಲ್ಲರೂ ಕೇಳೋದು ಅದೇ. ಏಜೆನ್ಸಿ 4,80,000 ಕೋಟ್ ಮಾಡಿ ಕೊನೆಗೆ 4,70,000ಕ್ಕೆ ನಿಂತಿತು. ಫ್ರೀಲ್ಯಾನ್ಸರ್‌ಗಳದ್ದು ನಾನು ಹಾಕ್ಕೊಂಡಿದ್ದ ಲೆಕ್ಕ 93,000, ಆಗಿದ್ದು 1,15,000. ಸಣ್ಣ ಟೀಮ್ 1,75,000 ಹೇಳಿದ್ರು, 1,75,000ಕ್ಕೇ ಮುಗಿಸಿಕೊಟ್ರು. ಇವೆಲ್ಲಾ ಜಿಎಸ್‌ಟಿ ಬಿಟ್ಟು ಹೇಳ್ತಿರೋದು. ಏಜೆನ್ಸಿ, ಟೀಮ್ ಇಬ್ಬರೂ 18% ಹಾಕ್ತಾರೆ, ಫ್ರೀಲ್ಯಾನ್ಸರ್‌ಗಳು ವರ್ಷಕ್ಕೆ 20 ಲಕ್ಷದ ಒಳಗೆ ದುಡಿಯೋರಾದ್ರೆ ರಿಜಿಸ್ಟರ್ ಆಗಿರಬೇಕಂತಿಲ್ಲ, ಹಾಗಾಗಿ ಅವರ ಬಿಲ್ ನೋಡೋಕೆ ಇನ್ನೂ ಕಮ್ಮಿ ಅನ್ಸುತ್ತೆ. ಆದ್ರೆ ನಮ್ಮ ಥರ ಜಿಎಸ್‌ಟಿ ಕಟ್ಟೋ ಕಂಪನಿಗೆ ಆ 18% ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತೆ, ಸ್ವಲ್ಪ ದಿನ ದುಡ್ಡು ಸಿಕ್ಕಾಕೊಳ್ಳುತ್ತೆ ಅಷ್ಟೇ. ನಾನು ಎರಡನೇ ಸಲ ಜಿಎಸ್‌ಟಿ ಸೇರಿಸಿ ಹೋಲಿಸಿ ಬಾಸ್ ಮುಂದೆ ಇಟ್ಟಿದ್ದೆ, ತಪ್ಪು ಮಾಡಿದೆ, ಅಕೌಂಟ್ಸ್‌ನವರು ಕೂರಿಸಿಕೊಂಡು ತಿದ್ದಿದ್ರು.

ಇನ್ನು ಕೊಟೇಶನ್‌ನಲ್ಲಿ ಬರೆಯದೇ ಇರೋ ಖರ್ಚು ಒಂದಿದೆ, ಅದು ನಮ್ಮ ದಿನಗಳು. ಡೈರಿ ನೋಡಿ ಎಣಿಸಿದೆ. ಏಜೆನ್ಸಿ ಜೊತೆ ನನ್ನದು 6 ದಿನ ಹೋಯ್ತು, ಸಣ್ಣ ಟೀಮ್ ಜೊತೆ 9, ಫ್ರೀಲ್ಯಾನ್ಸರ್‌ಗಳ ಜೊತೆ 19. ಹತ್ತೊಂಬತ್ತು ದಿನ ಅಂದ್ರೆ ತಿಂಗಳ ಕೆಲಸದ ದಿನಗಳಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಭಾಗ, ಆ ತಿಂಗಳು ಕಸ್ಟಮರ್ ಫಾಲೋಅಪ್ ಒಂದೂ ಸರಿಯಾಗಿ ಆಗ್ಲಿಲ್ಲ.

ಏಜೆನ್ಸಿಯವರ ವಿಡಿಯೋ ನೋಡೋಕೆ ತುಂಬಾ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಲೈಟಿಂಗ್ ಹಾಗಿತ್ತು, ನಮ್ಮದೇ ಶೆಡ್ಡು ನಮಗೇ ಗುರುತು ಸಿಗ್ತಿರಲಿಲ್ಲ. ಮೀಟಿಂಗ್‌ಗೆ ಬಂದು ಮಾತಾಡಿದವರು ಬೇರೆ, ಶೂಟಿಂಗ್‌ಗೆ ಬಂದವರು ಬೇರೆ, ಅದು ನನಗೆ ಬೇಜಾರಾದ ಮೊದಲನೇ ವಿಷಯ. ಹದಿನಾಲ್ಕು ಜನ ಕೋರಮಂಗಲದಿಂದ ಹೊರಟು ಗೊರಗುಂಟೆಪಾಳ್ಯದ ಟ್ರಾಫಿಕ್ ದಾಟಿ ಗೇಟಿಗೆ ಬಂದಾಗ 9.40, ನಮ್ಮ ಫಸ್ಟ್ ಶಿಫ್ಟ್ ಬೆಳಗ್ಗೆ 6ಕ್ಕೇ ಶುರು. ಅವರು ತಿಂಡಿ ಮುಗಿಸಿ ಲೈಟ್ ನಿಲ್ಲಿಸೋ ಹೊತ್ತಿಗೆ ಹನ್ನೊಂದೂವರೆ, 2 ಗಂಟೆಗೆ ಶಿಫ್ಟ್ ಬದಲಾಗುತ್ತೆ, ಬೆಳಗ್ಗೆಯಿಂದ ಶೇವ್ ಮಾಡ್ಕೊಂಡು ಹೊಸ ಯೂನಿಫಾರ್ಮ್ ಹಾಕ್ಕೊಂಡು ಕಾದಿದ್ದ ಆಪರೇಟರ್‌ಗಳು ಶಾಟ್ ಕೊಡದೇ ಮನೆಗೆ ಹೋದ್ರು. ಅವರ ಮುಖ ನೋಡೋಕಾಗ್ಲಿಲ್ಲ ನನಗೆ.

ಆಮೇಲೆ ಆ ವರ್ನಿಯರ್ ಶಾಟು. ಲೇತ್‌ನಲ್ಲಿ ಜಾಬ್ (ಕತ್ತರಿಸ್ತಿರೋ ಲೋಹದ ತುಂಡು) ತಿರುಗ್ತಿದೆ, ಕೂಲಂಟ್ (ತಣ್ಣಗಿಡೋ ದ್ರವ) ಬೀಳ್ತಿದೆ, ಅದರ ಮೇಲೆ ಒಬ್ಬ ಹುಡುಗ ವರ್ನಿಯರ್ ಹಿಡಿದು ಅಳತೆ ನೋಡ್ತಿದ್ದಾನೆ. ಏಜೆನ್ಸಿಯ ಡೈರೆಕ್ಟರ್ ಚೆನ್ನಾಗಿ ಕಾಣುತ್ತೆ ಅಂತ ಮಾಡಿಸಿದ್ರು. ಶಾಪ್ ಫ್ಲೋರಲ್ಲಿ ಯಾರೂ ಸ್ಪಿಂಡಲ್ (ಜಾಬ್ ತಿರುಗಿಸೋ ಭಾಗ) ನಿಲ್ಲಿಸದೇ ಅಳತೆ ತಗೊಳ್ಳಲ್ಲ, ಬೆರಳು ಹೋಗೋ ಕೆಲಸ ಅದು. ಆವಾಗ ನಾನು ಫ್ಲೋರಲ್ಲಿರಲಿಲ್ಲ, ಆಫೀಸಲ್ಲಿ ಅವರ ಊಟದ ವ್ಯವಸ್ಥೆ ನೋಡ್ತಿದ್ದೆ. ಮೊದಲ ಕಟ್‌ನಲ್ಲಿ (ಎಡಿಟ್ ಮಾಡಿ ಕಳಿಸಿದ ವಿಡಿಯೋದಲ್ಲಿ) ಅದನ್ನೇ ದೊಡ್ಡದಾಗಿ ಇಟ್ಟಿದ್ರು, ನಾನೂ ಗಮನಿಸ್ಲಿಲ್ಲ, ಎರಡನೇ ಕಟ್ ಕೂಡ ಓಕೆ ಮಾಡಿಬಿಟ್ಟೆ, ಆಮೇಲೆ ನಮ್ಮ ಕ್ವಾಲಿಟಿ ಹೆಡ್ ನೋಡಿ ‘ಇದನ್ನ ಕಸ್ಟಮರ್ ಆಡಿಟರ್ ನೋಡಿದ್ರೆ ಏನ್ ಹೇಳ್ಬೇಕು ಮೇಡಂ ನಾವು’ ಅಂದ್ರು. ಒಪ್ಪಂದದಲ್ಲಿ ಎರಡೇ ಸಲ ತಿದ್ದುಪಡಿ, ಮೂರನೇದಕ್ಕೆ 15,000. ಕೊಟ್ವಿ. ಡ್ರೋನ್‌ಗೆ ಅಂತ 25,000 ಹಾಕಿದ್ರು, ಶೂಟಿಂಗ್ ದಿನ ಪರ್ಮಿಷನ್ ಆಗ್ಲಿಲ್ಲ ಅಂದ್ರು, ಆ ದುಡ್ಡನ್ನ ಬಿಲ್ಲಿಂದ ತೆಗೆಸೋಕೆ ಎರಡು ವಾರ ಮೇಲ್ ಬರೆದೆ.

ಏಜೆನ್ಸಿಯ ಕನ್ನಡ ವರ್ಷನ್ ಬಗ್ಗೆ ಹೇಳ್ಲೇಬೇಕು. ಇಂಗ್ಲಿಷ್ ಸ್ಕ್ರಿಪ್ಟ್ ಬರೆದು ಯಾರ ಹತ್ರನೋ ಭಾಷಾಂತರ ಮಾಡಿಸಿದ್ರು. ಟರ್ನಿಂಗ್ (ಲೇತ್ ಮೇಲೆ ಲೋಹ ಕತ್ತರಿಸೋ ಕೆಲಸ) ಅನ್ನೋದು ‘ತಿರುಗಿಸುವಿಕೆ’ ಆಗಿತ್ತು, ಟೂಲ್ ‘ಉಪಕರಣ’ ಆಗಿತ್ತು, ಕೊನೇಲಿ ‘ಉತ್ಕೃಷ್ಟತೆಗೆ ನಾವು ಬದ್ಧರು’. ಇಪ್ಪತ್ತೆರಡು ವರ್ಷದಿಂದ ನಮ್ಮಲ್ಲಿರೋ ಸೂಪರ್‌ವೈಸರ್ ಅಣ್ಣ ಪೂರ್ತಿ ನೋಡಿ ‘ಚೆನ್ನಾಗೈತೆ ಮೇಡಂ, ಆದ್ರೆ ಇದು ನಮ್ ಕಂಪ್ನಿ ಅಂತ ಅನ್ಸ್ಲಿಲ್ಲ’ ಅಂದ್ರು. ಆ ಮಾತು ಈಗಲೂ ನೆನಪಿದೆ. ಇನ್ನೊಂದು, ಒಂದೇ ವಿಷಯಕ್ಕೆ ಕನ್ನಡದಲ್ಲಿ ಓದೋಕೆ ಜಾಸ್ತಿ ಹೊತ್ತು ಬೇಕಾಯ್ತು, ಇಂಗ್ಲಿಷ್ ಅಳತೆಗೆ ಕತ್ತರಿಸಿದ ಚಿತ್ರದ ಮೇಲೆ ಕನ್ನಡ ಕೂರಿಸೋಕೆ ಹೋಗಿ ಓದಿದವರು ಉಸಿರು ಬಿಡದೇ ಓಡಿಸಿದಂಗಿತ್ತು.

ಅದಕ್ಕೇ ಎರಡನೇ ಸಲ ನಾನೇ ಮಾಡ್ತೀನಿ ಅಂತ ಹೊರಟೆ. ಲೆಕ್ಕ ಹೀಗಿತ್ತು: ಕ್ಯಾಮೆರಾಮನ್ ಅವರದೇ ಕ್ಯಾಮೆರಾ ಜೊತೆ ದಿನಕ್ಕೆ 15,000ದ ಹಾಗೆ ಎರಡು ದಿನ, ಲೈಟ್ ಬಾಡಿಗೆ ಮತ್ತು ಅಸಿಸ್ಟೆಂಟ್ ಸೇರಿ 16,000, ಸೌಂಡ್‌ನವರು ಒಂದು ದಿನಕ್ಕೆ 5,000, ಎಡಿಟಿಂಗ್ 28,000, ಎರಡು ಭಾಷೆ ವಾಯ್ಸ್ ಓವರ್ ಸ್ಟುಡಿಯೋ ಸೇರಿಸಿ 14,000. ಮರೆತಿದ್ದು ಊಟ, ಕ್ಯಾಬು, ಅದು 9,000. ಮ್ಯೂಸಿಕ್ ಲೈಸೆನ್ಸ್ 3,000. ಉಳಿದ 10,000 ರೀಶೂಟ್‌ದು, ಆ ಕಥೆ ಸ್ವಲ್ಪ ವಿವರವಾಗೇ ಹೇಳ್ತೀನಿ, ಫ್ಯಾಕ್ಟರಿ ಒಳಗೆ ಶೂಟ್ ಮಾಡಿಸೋರಿಗೆ ಉಪಯೋಗ ಆಗುತ್ತೆ.

ಕ್ಯಾಮೆರಾಮನ್ ಕೈ ಒಳ್ಳೇದು, ಮದುವೆ ವಿಡಿಯೋಗಳಲ್ಲಿ ಹೆಸರು ಮಾಡಿದವರು. ಕೂಲಂಟ್ ಚಿಮ್ಮೋದನ್ನ ಸ್ಲೋ ಮೋಷನ್‌ನಲ್ಲಿ ತೆಗೆಯೋಣ ಅಂತ ಸೆಕೆಂಡಿಗೆ 60 ಫ್ರೇಮ್, ಶಟರ್ 1/120 ಸೆಕೆಂಡ್ ಇಟ್ರು. ಕ್ಯಾಮೆರಾದ ಸಣ್ಣ ಸ್ಕ್ರೀನಲ್ಲಿ ಚೆನ್ನಾಗೇ ಕಾಣ್ತು. ಎಡಿಟರ್ ದೊಡ್ಡ ಮಾನಿಟರಿಗೆ ಹಾಕಿದಾಗ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರೀತಾ ಇವೆ. ನಮ್ಮ ಕರೆಂಟು 50 ಹರ್ಟ್ಸ್, ಶೆಡ್ಡಿನ ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ, ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. 25 ಫ್ರೇಮಿಗೆ 1/50, ಸ್ಲೋ ಮೋಷನ್‌ಗೆ 50 ಫ್ರೇಮು 1/100 ಇಟ್ಟಿದ್ರೆ ಈ ತೊಂದ್ರೆ ಬರ್ತಿರಲಿಲ್ಲ. ಮದುವೆ ಛತ್ರದಲ್ಲಿ ಅವರು ತಮ್ಮ ಲೈಟ್ ಹಾಕ್ಕೊಂಡು ತೆಗೀತಾರೆ, ಅದಕ್ಕೆ ಅಲ್ಲಿ ಗೊತ್ತಾಗಿರಲಿಲ್ಲ. ಅವರು ತಪ್ಪು ಒಪ್ಕೊಂಡು ಅರ್ಧ ದಿನಕ್ಕೆ ತಮ್ಮ ಚಾರ್ಜ್ ಕಮ್ಮಿ ಮಾಡಿದ್ರು, ಆದ್ರೂ ಲೈಟು, ಅಸಿಸ್ಟೆಂಟು, ಓಡಾಟ ಎಲ್ಲಾ ಸೇರಿ 10,000 ಹೋಯ್ತು. ಅದಕ್ಕಿಂತ ಹೆಚ್ಚಾಗಿ, ಅದು ನವೆಂಬರ್, ಮುಹೂರ್ತಗಳ ಕಾಲ, ಅವರ ಡೇಟ್ ಸಿಗೋಕೆ ಮೂರು ವಾರ ಕಾದೆ. ಎಡಿಟರ್ ಅಷ್ಟರಲ್ಲಿ ಬೇರೆ ಕೆಲಸ ಹಿಡಿದಿದ್ರು. ಇವರಿಗೆ ಫೋನು, ಅವರಿಗೆ ಫೋನು, ಹಾರ್ಡ್ ಡಿಸ್ಕ್ ಒಂದು ಸಲ ಬನಶಂಕರಿಯಲ್ಲಿ, ಒಂದು ಸಲ ಹೆಬ್ಬಾಳದಲ್ಲಿ, ನಡುವೆ ನಾನು.

ಆದ್ರೆ ಇದರಲ್ಲೇ ನಮ್ಮ ಅತೀ ಒಳ್ಳೇ ಎರಡು ನಿಮಿಷ ಸಿಕ್ಕಿದ್ದು ಅಂತಾನೂ ಹೇಳ್ಬೇಕು. ಸ್ಕ್ರಿಪ್ಟ್ ನಾನೇ ಕನ್ನಡದಲ್ಲೇ ಬರೆದೆ, ಬರೆಯೋದಕ್ಕಿಂತ ಮೊದಲು ಸೂಪರ್‌ವೈಸರ್ ಅಣ್ಣನ್ನ ಕೂರಿಸಿ ‘ಹೊಸ ಹುಡುಗ ಬಂದ್ರೆ ಮೊದಲನೇ ದಿನ ಏನ್ ಹೇಳ್ಕೊಡ್ತೀರಾ’ ಅಂತ ಕೇಳಿ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ. ‘ಮಷೀನ್ ಮುಟ್ಟೋಕ್ ಮುಂಚೆ ಅದರ ಸೌಂಡ್ ಕೇಳಿಸ್ಕೋಬೇಕು ಕಣಪ್ಪ, ಸೌಂಡ್ ಬದಲಾಯ್ತು ಅಂದ್ರೆ ಟೂಲ್ ಸವೆದಿದೆ ಅಂತ’ ಅಂದ್ರು. ಅದನ್ನೇ ಶುರುವಿಗೆ ಇಟ್ವಿ. ಐಟಿಐ ಹುಡುಗ್ರಿಗೆ ತೋರಿಸಿದಾಗ ಆ ಜಾಗದಲ್ಲಿ ಕ್ಲಾಸ್ ಗಪ್‌ಚಿಪ್ ಆಗ್ತಿತ್ತು.

ಸಣ್ಣ ಟೀಮ್ ಹೇಗೆ ಬೇರೆ ಅಂತ ನನಗೆ ಗೊತ್ತಾಗಿದ್ದು ಮೊದಲನೇ ಫೋನ್‌ನಲ್ಲೇ. ಬಜೆಟ್ ಎಷ್ಟು ಅಂತ ಕೇಳೋಕೆ ಮುಂಚೆ ವಿಡಿಯೋ ಎಲ್ಲಿ ತೋರಿಸ್ತೀರಾ ಅಂತ ಕೇಳಿದ್ರು. ಇಮ್‌ಟೆಕ್ಸ್ ನಡೆಯೋ ಬಿಐಇಸಿ ಎಕ್ಸಿಬಿಷನ್ ಸೆಂಟರ್‌ನ ಸ್ಟಾಲಲ್ಲಿ ಅಂದೆ. ‘ಹಾಗಾದ್ರೆ ಅಲ್ಲಿ ಸೌಂಡ್ ಯಾರಿಗೂ ಕೇಳಿಸಲ್ಲ ಮೇಡಂ, ಪಕ್ಕದ ಸ್ಟಾಲ್ ಮಷೀನ್ ಓಡ್ತಿರುತ್ತೆ, ಅಕ್ಷರದಲ್ಲೇ ಹೇಳೋ ಹಾಗೆ ಒಂದು ಕಟ್, ವೆಬ್‌ಸೈಟಿಗೆ ಧ್ವನಿ ಇರೋದು ಇನ್ನೊಂದು ಕಟ್, ಎರಡೂ ಈಗಲೇ ಪ್ಲಾನ್ ಮಾಡಿದ್ರೆ ಎಕ್ಸ್‌ಟ್ರಾ ಆಗಲ್ಲ’ ಅಂದ್ರು. 2023ರಲ್ಲಿ ನಮ್ಮ ಅಷ್ಟು ದುಬಾರಿ ವಾಯ್ಸ್ ಓವರ್ ಏಳು ದಿನ ಆ ಗದ್ದಲದಲ್ಲಿ ಕಳೆದುಹೋಗಿತ್ತು, ಇದನ್ನ ಆವಾಗ ಯಾರೂ ಕೇಳಿರಲಿಲ್ಲ.

ನೋಡ್ಕೊಂಡು ಹೋಗೋಕೆ ಅಂತ ಇಬ್ಬರು ಅರ್ಧ ದಿನ ಬಂದಿದ್ರು. ಕಂಪ್ರೆಸರ್ ಎಷ್ಟೊತ್ತಿಗೆ ಆಫ್ ಇರುತ್ತೆ, ಮಾತಾಡಿಸೋ ಶಾಟ್ ಟೀ ಬ್ರೇಕಲ್ಲಿ ಇಟ್ಕೋಬಹುದಾ, 15 ಆಂಪ್ ಪ್ಲಗ್ ಎಲ್ಲಿದೆ, ಕರೆಂಟ್ ಹೋದ್ರೆ ಜನರೇಟರ್ ಯಾವ ಲೈನಿಗೆ ಬರುತ್ತೆ, ನಮ್ಮವರ ಸೇಫ್ಟಿ ಶೂ ನಾವೇ ತರಬೇಕಾ, ಇವೇ ಪ್ರಶ್ನೆಗಳು. ಡ್ರೋನ್ ಬೇಕು ಅಂತ ನಮ್ಮ ಬಾಸ್ ಆಸೆಪಟ್ರು, ಅವರು ಅಲ್ಲೇ ಬೇಡ ಅಂದ್ರು. 2021ರ ಡ್ರೋನ್ ರೂಲ್ಸ್ ಪ್ರಕಾರ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ಡ್ರೋನ್ ಹಾರಿಸೋ ಜಾಗ ಹಸಿರು, ಹಳದಿ, ಕೆಂಪು ಯಾವುದು ಅಂತ ಮೊದಲು ನೋಡಬೇಕು, ಪೀಣ್ಯ ಪಕ್ಕದಲ್ಲೇ ಜಾಲಹಳ್ಳಿ ಏರ್‌ಫೋರ್ಸ್ ಸ್ಟೇಷನ್ ಇದೆ, ಪರ್ಮಿಷನ್ ಸಿಗುತ್ತೆ ಅಂತ ನಂಬ್ಕೊಂಡು ಬಜೆಟ್ ಹಾಕೋದು ಬೇಡ ಅಂತ. ಎದುರಿನ ಬಿಲ್ಡಿಂಗ್ ಓನರ್‌ನ ಕೇಳಿ ಅವರ ಟೆರೇಸ್ ಮೇಲಿಂದ ಬೆಳಗಿನ ಬಿಸಿಲಲ್ಲಿ ಒಂದು ಶಾಟ್ ತೆಗೆದ್ರು, ಖರ್ಚು ಒಂದು ಡಬ್ಬ ಮೈಸೂರು ಪಾಕು.

ಶೂಟಿಂಗ್ ಇಟ್ಕೊಂಡಿದ್ದು ಆಷಾಢದಲ್ಲಿ. ಇದು ಅವರೇ ಕೊಟ್ಟ ಐಡಿಯಾ. ಮದುವೆ ಇರಲ್ಲ, ಕ್ಯಾಮೆರಾ ಬಾಡಿಗೆಗೂ ಸುಲಭವಾಗಿ ಸಿಗುತ್ತೆ, ಜನಾನೂ ಸಿಗ್ತಾರೆ, ಮಳೆ ಬಂದ್ರೆ ಬರ್ಲಿ ನಮ್ಮದು ಒಳಗಿನ ಶೂಟಿಂಗು. ಎರಡೂ ದಿನ ಬೆಳಗ್ಗೆ 5.30ಕ್ಕೆ ಗೇಟಲ್ಲಿದ್ರು, ನಾಲ್ಕೇ ಜನ. ಲೈಟಿಂಗ್ ಏಜೆನ್ಸಿಯಷ್ಟು ಇರಲಿಲ್ಲ, ಎರಡು ವಿಡಿಯೋ ಪಕ್ಕಪಕ್ಕ ಇಟ್ರೆ ವ್ಯತ್ಯಾಸ ಕಾಣುತ್ತೆ, ಗ್ರಾಫಿಕ್ಸ್ ಕೂಡ ಸಾಧಾರಣ. ಆದ್ರೆ ಪ್ರತಿ ಶಾಟಿಗೂ ‘ಅಣ್ಣ ಇದು ಸರಿನಾ’ ಅಂತ ಆಪರೇಟರನ್ನೇ ಕೇಳಿ ತೆಗೆದ್ರು, ತಪ್ಪು ಅಂತ ಒಂದು ಶಾಟೂ ಕಿತ್ತಾಕಬೇಕಾಗಿ ಬರ್ಲಿಲ್ಲ.

ಕಾಗದಪತ್ರದಲ್ಲೂ ಇವರೇ ಮೇಲು. ಕಾಪಿರೈಟ್ ಆಕ್ಟ್ 1957ರಲ್ಲಿ ಒಂದು ವಿಷಯ ಇದೆ, ಹಕ್ಕು ಬರೆದುಕೊಡೋವಾಗ ಎಷ್ಟು ವರ್ಷ ಅಂತ ಬರೀದಿದ್ರೆ 5 ವರ್ಷ ಅಂತ ತಗೋತಾರೆ, ಎಲ್ಲಿಗೆ ಅಂತ ಬರೀದಿದ್ರೆ ಭಾರತಕ್ಕೆ ಮಾತ್ರ ಅಂತ. ನಮ್ಮ ಕಸ್ಟಮರ್‌ಗಳು ಜರ್ಮನಿಯಲ್ಲೂ ಇದಾರೆ. ಈ ಟೀಮ್ ಒಪ್ಪಂದದಲ್ಲೇ ಸ್ಕ್ರಿಪ್ಟು, ಮ್ಯೂಸಿಕ್ಕು ಎಲ್ಲದಕ್ಕೂ ಅವಧಿ, ದೇಶ ಬರೆದಿದ್ರು, ಕಚ್ಚಾ ಫುಟೇಜ್ ಹಾರ್ಡ್ ಡಿಸ್ಕ್ ಸಮೇತ ಕೊಡ್ತೀವಿ ಅಂತಾನೂ ಬರೆದಿದ್ರು. ಏಜೆನ್ಸಿ ಹತ್ರ ಆ ಫುಟೇಜ್ ಕೇಳಿದಾಗ ಅದಕ್ಕೆ ಬೇರೆ ರೇಟ್ ಹೇಳಿದ್ರು. ಫ್ರೀಲ್ಯಾನ್ಸರ್‌ಗಳ ಜೊತೆ ನಾನು ವಾಟ್ಸಾಪ್ ಮೇಲೇ ಎಲ್ಲಾ ನಡೆಸಿದ್ದೆ, ಆಮೇಲೆ ಒಬ್ಬೊಬ್ಬರ ಹತ್ರ ಹೋಗಿ ಸಹಿ ಹಾಕಿಸ್ಕೊಂಡು ಬಂದೆ. ಟೀಮ್‌ನವರು ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ಯಮ ಅನ್ನೋ ಸರ್ಕಾರದ ನೋಂದಣಿ ಪತ್ರ) ಕೊಟೇಶನ್ ಜೊತೆಗೇ ಕಳಿಸಿದ್ರು, ಸಣ್ಣ ಉದ್ಯಮದವರಿಗೆ 45 ದಿನ ಮೀರಿ ಬಾಕಿ ಇಟ್ರೆ ದುಡ್ಡು ಕೊಡೋ ತನಕ ಆ ಖರ್ಚನ್ನ ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ತೋರಿಸೋಕಾಗಲ್ಲ, ಹಾಗಾಗಿ ನಮ್ಮ ಅಕೌಂಟ್ಸ್‌ನವರು ಹೇಳಿಸ್ಕೊಳ್ಳದೇ ಟೈಮಿಗೆ ಪೇಮೆಂಟ್ ಮಾಡಿದ್ರು. ಐದು ಜನರ ಟೀಮ್‌ಗೆ ಅದು ದೊಡ್ಡ ವಿಷಯ.

ಮೂರೂ ನೋಡಿದ ಮೇಲೆ ನನಗನಿಸಿದ್ದು ರೇಟಿನ ವ್ಯತ್ಯಾಸ ಕ್ಯಾಮೆರಾದಲ್ಲಿಲ್ಲ, ಶೂಟಿಂಗಿಗೆ ಮುಂಚಿನ ಯೋಚನೆ ಯಾರು ಮಾಡ್ತಾರೆ ಅನ್ನೋದರಲ್ಲಿದೆ. ಏಜೆನ್ಸಿಯಲ್ಲಿ ಅದಕ್ಕೆ ದುಡ್ಡು ಕೊಟ್ಟೆ, ನಮ್ಮ ಕೆಲಸ ಗೊತ್ತಿಲ್ಲದವರು ಮಾಡಿದ್ರು. ಫ್ರೀಲ್ಯಾನ್ಸರ್‌ಗಳಲ್ಲಿ ನಾನೇ ಮಾಡಿದೆ, ಸ್ಕ್ರಿಪ್ಟ್ ಗೊತ್ತಿತ್ತು, ಲೈಟು ಶಟರು ಗೊತ್ತಿರಲಿಲ್ಲ. ಟೆಲಿವಿಷನ್ ಜಾಹೀರಾತು, ನಟರು, ದೊಡ್ಡ ಗ್ರಾಫಿಕ್ಸ್ ಬೇಕಿದ್ರೆ ಏಜೆನ್ಸಿಗೇ ಹೋಗಿ, ಬೇರೆಯವರ ಕೈಲಿ ಆಗಲ್ಲ. ಒಬ್ಬ ಕಸ್ಟಮರ್ ಕೂತು ಮಾತಾಡೋ ವಿಡಿಯೋ, ಒಂದು ಟ್ರೈನಿಂಗ್ ವಿಡಿಯೋ ಅಂದ್ರೆ ಇಬ್ಬರು ಫ್ರೀಲ್ಯಾನ್ಸರ್ ಸಾಕು, ಮೂರನೇ ವ್ಯಕ್ತಿ ಸೇರಿಸ್ಬೇಡಿ. ಫ್ಯಾಕ್ಟರಿ ಪ್ರೊಫೈಲ್‌ಗೆ ನಾನು ಮತ್ತೆ ಸಣ್ಣ ಟೀಮ್ ಹತ್ರಾನೇ ಹೋಗೋದು, ಸ್ಕ್ರಿಪ್ಟ್ ಮಾತ್ರ ನಮ್ಮ ಕೈಯಲ್ಲೇ ಇಟ್ಕೊಂಡು. ಯಾರ ಹತ್ರ ಮಾಡಿಸಿದ್ರೂ ಕೋಟ್ ಮೇಲೆ 10% ಪಕ್ಕಕ್ಕಿಡಿ, ಮೊದಲ ಕಟ್‌ನ ಕ್ವಾಲಿಟಿಯವರಿಗೆ ತೋರಿಸದೇ ಓಕೆ ಅನ್ನಬೇಡಿ.

ಈಗ ಹೊಸದಾಗಿ ಸೇರೋರಿಗೆ ಸೇಫ್ಟಿ ವಿಡಿಯೋ ಒಂದು ಮಾಡ್ಬೇಕಿದೆ, ಐದು ನಿಮಿಷದ್ದು, ಕನ್ನಡ ಮತ್ತು ಹಿಂದಿ. ಅದೇ ಟೀಮ್‌ಗೆ ಆಷಾಢದ ಡೇಟ್ ಕೇಳಿದೀನಿ. ಈ ಸಲ ವಾಯ್ಸ್ ಓವರ್ ಬಾಬ್ತು ಬಜೆಟ್‌ನಲ್ಲಿ ಇಟ್ಟಿಲ್ಲ, ಸೂಪರ್‌ವೈಸರ್ ಅಣ್ಣನೇ ಮಾತಾಡ್ತಾರೆ, ಒಪ್ಸೋಕೆ ಒಂದು ವಾರ ಹಿಡೀತು.