ಡೇಟಾಬೇಸ್ ಕೊಳ್ಳುವ ಮುಂಚೆ ಒಮ್ಮೆ ಪ್ಲಗ್ ಕಿತ್ತು ನೋಡಿ

ಹುಬ್ಬಳ್ಳಿಯ ಒಂದು ಔಷಧ ಹೋಲ್‌ಸೇಲ್ ಸಂಸ್ಥೆಯಲ್ಲಿ ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ನಾವು ಒಳ್ಳೆಯ ದುಡ್ಡು ಕೊಟ್ಟು ತಂದ ಡೇಟಾಬೇಸ್, ಸೇವ್ ಆಯಿತು ಎಂದು ತಾನೇ ಹೇಳಿದ ಬಿಲ್‌ಗಳನ್ನು ಕಳೆದುಹಾಕಿತು. ಅದನ್ನು ಮಾರಿದ ಕಂಪನಿ ತಿಂಗಳುಗಟ್ಟಲೆ ನಮ್ಮನ್ನು ಸತಾಯಿಸಿತು. ಕಂಪನಿಯ ಹೆಸರು ಬರೆಯುತ್ತಿಲ್ಲ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಈ ವರ್ಷ ಹೊಸ ಡೇಟಾಬೇಸ್ ತೆಗೆದುಕೊಳ್ಳಲು ಹೊರಟಿರುವ ಸಣ್ಣ, ಮಧ್ಯಮ ಸಂಸ್ಥೆಯವರು ದಯವಿಟ್ಟು ಪೂರ್ತಿ ಓದಿ.

ಮಾರಲು ಬಂದಾಗ ಅವರು ತೋರಿಸಿದ್ದು ಮುಖ್ಯವಾಗಿ ಎರಡು. ಒಂದು, ವೇಗದ ಗ್ರಾಫ್. ಬೇರೆ ಡೇಟಾಬೇಸ್‌ಗಳ ಗೆರೆ ಕೆಳಗೆ, ಅವರದ್ದು ಎಲ್ಲೋ ಮೇಲೆ. ಇನ್ನೊಂದು, ‘24 ಗಂಟೆ ಸಪೋರ್ಟ್’ ಎಂಬ ದಪ್ಪ ಅಕ್ಷರದ ಸಾಲು. ಕರೆಂಟ್ ಹೋದರೆ ಏನಾಗುತ್ತದೆ ಎಂದು ನಾನು ಆಗಲೇ ಕೇಳಿದ್ದೆ. “ಸರ್, ನೀವು ಟೆನ್ಶನ್ ತಗೋಬೇಡಿ, ಒಂದು ರೆಕಾರ್ಡೂ ಹೋಗಲ್ಲ” ಅಂದರು. ಮೂರು ವರ್ಷದ ಹಣ ಒಟ್ಟಿಗೆ ಕಟ್ಟಿದರೆ ದೊಡ್ಡ ರಿಯಾಯಿತಿ ಎಂದರು. ನಮ್ಮ ಮಾಲೀಕರು ಒಪ್ಪಿ ಸಹಿ ಹಾಕಿದರು.

ಮಳೆಗಾಲದ ಒಂದು ಸಂಜೆ ಕರೆಂಟ್ ಹೋಯಿತು. ಯುಪಿಎಸ್ ಕೈಕೊಟ್ಟಿತು, ಸರ್ವರ್ ಒಮ್ಮೆಲೇ ಆಫ್ ಆಯಿತು. ಕರೆಂಟ್ ಬಂದ ಮೇಲೆ ಎಲ್ಲ ಸರಿಯಾಗಿಯೇ ಶುರುವಾಯಿತು. ಲಾಗಿನ್ ಆಯಿತು, ಸ್ಟಾಕ್ ತೋರಿಸಿತು, ಎಲ್ಲೂ ಎರರ್ ಇಲ್ಲ. ಕೌಂಟರ್‌ನ ಹುಡುಗ ಮೊದಲ ಬಿಲ್ ಹೊಡೆದ. ಇ-ಇನ್‌ವಾಯ್ಸ್ ಪೋರ್ಟಲ್ ಅದನ್ನು ವಾಪಸ್ ಕಳಿಸಿತು: ‘ಡೂಪ್ಲಿಕೇಟ್ ಐಆರ್‌ಎನ್’.

ವ್ಯಾಪಾರದಲ್ಲಿ ಇಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2023ರ ಆಗಸ್ಟ್‌ನಿಂದ, ವರ್ಷಕ್ಕೆ 5 ಕೋಟಿ ರೂಪಾಯಿ ಮೀರಿ ವಹಿವಾಟು ಇರುವವರು ಬೇರೆ ವ್ಯಾಪಾರಿಗಳಿಗೆ ಹಾಕುವ ಪ್ರತಿ ಬಿಲ್ಲನ್ನೂ ಸರ್ಕಾರದ ಪೋರ್ಟಲ್‌ಗೆ ಕಳಿಸಬೇಕು. ಅಲ್ಲಿಂದ ಐಆರ್‌ಎನ್ ಎಂಬ ಉದ್ದನೆಯ ಸಂಖ್ಯೆ ಮತ್ತು ಕ್ಯುಆರ್ ಕೋಡ್ ಬರುತ್ತವೆ. ಜಿಎಸ್‌ಟಿ ನಂಬರ್, ಹಣಕಾಸು ವರ್ಷ, ದಾಖಲೆಯ ಬಗೆ, ಬಿಲ್ ನಂಬರ್ ಇವನ್ನು ಸೇರಿಸಿ ಆ ಸಂಖ್ಯೆ ಹುಟ್ಟುತ್ತದೆ. ಹಾಗಾಗಿ ಒಂದೇ ಬಿಲ್ ನಂಬರ್ ಎರಡು ಸಲ ಹೋದರೆ ಪೋರ್ಟಲ್ ತೆಗೆದುಕೊಳ್ಳುವುದಿಲ್ಲ.

ಅಂದರೆ ಆ ನಂಬರಿನ ಬಿಲ್ ಆಗಲೇ ಸರ್ಕಾರದ ಹತ್ತಿರ ಇತ್ತು. ನಮ್ಮ ಹತ್ತಿರ ಇರಲಿಲ್ಲ. ಕರೆಂಟ್ ಹೋಗುವ ಮುಂಚಿನ ಕೆಲವು ನಿಮಿಷಗಳ ಬಿಲ್‌ಗಳು ಡೇಟಾಬೇಸ್‌ನಿಂದ ಮಾಯವಾಗಿದ್ದವು. ಬಿಲ್ ನಂಬರಿನ ಲೆಕ್ಕ ಹಿಂದಕ್ಕೆ ಹೋಗಿತ್ತು. ಪ್ರಿಂಟ್ ಆದ ಪ್ರತಿ ನನ್ನ ಕೈಯಲ್ಲೇ ಇದೆ, ಕ್ಯುಆರ್ ಕೋಡ್ ಇದೆ, ಮಾಲು ಗದಗಿನ ಗಾಡಿಗೆ ಲೋಡ್ ಆಗಿದೆ. ಕಂಪ್ಯೂಟರ್ ಮಾತ್ರ ಆ ಡಬ್ಬಗಳು ಇನ್ನೂ ರ‍್ಯಾಕಿನಲ್ಲೇ ಇವೆ ಅನ್ನುತ್ತಿದೆ. ಔಷಧದಲ್ಲಿ ಇದು ಸುಮ್ನೆ ಸ್ಟಾಕಿನ ತಾಪತ್ರಯ ಅಲ್ಲ. ಯಾವ ಬ್ಯಾಚ್ ಯಾವ ಅಂಗಡಿಗೆ ಹೋಯಿತು ಎಂಬ ದಾಖಲೆಯೇ ಹೋದರೆ, ನಾಳೆ ಆ ಬ್ಯಾಚನ್ನು ವಾಪಸ್ ತರಿಸಿ ಎಂದು ಆದೇಶ ಬಂದಾಗ ಯಾರನ್ನು ಕೇಳುವುದು? ನಮ್ಮ ಹುಡುಗರು ರಾತ್ರಿಯೆಲ್ಲ ಕೂತು, ಪ್ರಿಂಟ್ ಪ್ರತಿಗಳನ್ನೂ ಪೋರ್ಟಲ್‌ನ ಪಟ್ಟಿಯನ್ನೂ ತಾಳೆ ನೋಡಿ, ಬ್ಯಾಚ್ ನಂಬರ್ ಸಮೇತ ಕೈಯಿಂದ ಮತ್ತೆ ತುಂಬಿದರು.

ಕಾರಣ ಹುಡುಕಿದಾಗ ಗ್ರಾಫಿನ ಗುಟ್ಟೂ ತಿಳಿಯಿತು. ಈ ಡೇಟಾಬೇಸ್ ಮಾಹಿತಿ ಮೆಮೊರಿಗೆ ಬಂದ ಕೂಡಲೇ ‘ಸೇವ್ ಆಯಿತು’ ಅಂದುಬಿಡುತ್ತದೆ. ಡಿಸ್ಕಿಗೆ ಬರೆಯುವುದು ಆಮೇಲೆ, ತನ್ನ ಸಮಯ ನೋಡಿಕೊಂಡು. ಅದೇ ಅದರ ಡಿಫಾಲ್ಟ್, ಅಂದರೆ ನಾವು ಏನೂ ಬದಲಿಸದಿದ್ದರೆ ಇರುವ ಸೆಟ್ಟಿಂಗ್. ಡಿಸ್ಕಿಗೆ ಕಾಯದಿದ್ದರೆ ವೇಗ ಬಂದೇ ಬರುತ್ತದೆ ಅಲ್ವಾ. ಪ್ರತಿ ಬಿಲ್ಲೂ ಡಿಸ್ಕಿಗೆ ಬಿದ್ದ ಮೇಲೆಯೇ ಉತ್ತರ ಕೊಡು ಎಂಬ ಸೆಟ್ಟಿಂಗ್ ಇದೆ, ಮ್ಯಾನ್ಯುಅಲ್‌ನ ಒಳಗೆಲ್ಲೋ ಒಂದು ಪ್ಯಾರಾದಲ್ಲಿ. ಅದನ್ನು ಹಾಕಿದರೆ ನಮ್ಮ ಸರ್ವರ್‌ನಲ್ಲಿ ವೇಗ ಅರ್ಧಕ್ಕಿಂತ ಕೆಳಗೆ ಬಂತು. ಬ್ರೋಷರ್‌ನ ಗ್ರಾಫಿನ ಕೆಳಗೆ ಇದರ ಬಗ್ಗೆ ಒಂದು ಅಕ್ಷರವೂ ಇಲ್ಲ.

ಇನ್ನು ಸಪೋರ್ಟ್. ಟಿಕೆಟ್ (ಅವರ ಸಪೋರ್ಟ್‌ಗೆ ದೂರು) ಹಾಕಿದೆ, ಅತಿ ತುರ್ತು ಎಂದು ಗುರುತು ಮಾಡಿ. ಒಂದು ಗಂಟೆಯೊಳಗೆ ಉತ್ತರ ಬಂತು: ನಿಮ್ಮ ಸರ್ವರ್ ಚಾಲೂ ಇದೆ, ಆದ್ದರಿಂದ ಇದು ತುರ್ತು ಅಲ್ಲ, ಮೂರನೇ ದರ್ಜೆಗೆ ಇಳಿಸಿದ್ದೇವೆ. ಒಪ್ಪಂದ ತೆಗೆದು ನೋಡಿದರೆ ಹಾಗೇ ಇದೆ. ಸರ್ವರ್ ಪೂರ್ತಿ ನಿಂತರೆ ಮಾತ್ರ ತುರ್ತು. ಡೇಟಾ ಕಳೆದುಹೋದರೆ ಅಲ್ಲ! ಡೇಟಾ ಕಾಪಾಡುವುದಕ್ಕೆಂದೇ ಇರುವ ಸಾಫ್ಟ್‌ವೇರಿನ ಒಪ್ಪಂದದಲ್ಲಿ ಡೇಟಾ ಹೋಗುವುದು ತುರ್ತಿನ ಪಟ್ಟಿಯಲ್ಲೇ ಇಲ್ಲ. ಆವತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನೊಂದು ಮಾತೂ ಅದೇ ಪುಟದಲ್ಲಿತ್ತು. ಅವರು ಮಾತು ಕೊಟ್ಟಿದ್ದು ‘ಪ್ರತಿಕ್ರಿಯೆ’ಯ ಸಮಯಕ್ಕೆ, ಪರಿಹಾರದ ಸಮಯಕ್ಕಲ್ಲ. ‘ನಿಮ್ಮ ಟಿಕೆಟ್ ತಲುಪಿದೆ’ ಎಂಬ ಮೇಲ್ ಬಂದರೂ ಅದು ಪ್ರತಿಕ್ರಿಯೆಯೇ. ಮುಂದೆ ನಡೆದದ್ದು ಇಷ್ಟೇ: ಶಿಫ್ಟ್ ಬದಲಾದಾಗಲೆಲ್ಲ ಹೊಸಬರು ಬಂದು ಅದೇ ಲಾಗ್ ಫೈಲ್ ಮತ್ತೆ ಕೇಳುವುದು, ಹೊಸ ವರ್ಷನ್‌ಗೆ ಹೋಗಿ ನೋಡಿ ಎನ್ನುವುದು, ನಾವು ಉತ್ತರ ಕೊಡುವುದು ಎರಡು ದಿನ ತಡವಾದರೆ ಟಿಕೆಟ್ ಮುಚ್ಚುವುದು. ಸಪೋರ್ಟ್‌ನಲ್ಲಿ ಕೂತ ಹುಡುಗರ ಮೇಲೆ ನನಗೆ ಕೋಪವಿಲ್ಲ. ಅವರ ಕೈಯಲ್ಲಿ ಇರುವುದು ಬರೆದುಕೊಟ್ಟ ಪ್ರಶ್ನೆಗಳ ಪಟ್ಟಿ ಮಾತ್ರ. ಕೊನೆಗೆ ಫೋನ್ ಮಾಡಿದ್ದು ಸೇಲ್ಸ್‌ನವರು. ಇನ್ನೊಂದು ಸರ್ವರ್‌ಗೆ ನಕಲು ಇಡುವ ಸೌಲಭ್ಯ ಎಂಟರ್‌ಪ್ರೈಸ್ ಆವೃತ್ತಿಯಲ್ಲಿದೆ, ಅದನ್ನು ತಗೊಳ್ಳಿ ಎಂದರು. ನಮ್ಮ ನಷ್ಟವನ್ನೇ ಹಿಡಿದುಕೊಂಡು ಮತ್ತೊಂದು ಮಾರಾಟಕ್ಕೆ ಬಂದಿದ್ದರು.

ಬೆಂಗಳೂರಿನಲ್ಲಿ ಕಂಪನಿಯವರೇ ಏರ್ಪಡಿಸಿದ್ದ ಗ್ರಾಹಕರ ಸಭೆಗೆ ಹೋದಾಗ ಊಟದ ಹೊತ್ತಿನಲ್ಲಿ ಬೇರೆ ಊರಿನವರ ಜೊತೆ ಮಾತಾಡಿದೆ. ಮೈಸೂರಿನವರಿಗೂ ಇದೇ ಪಾಡು, ಕೊಯಮತ್ತೂರಿನವರಿಗೂ ಇದೇ ಪಾಡು. ಎಲ್ಲರೂ ತೊಂದರೆ ತಮಗೊಬ್ಬರಿಗೇ ಎಂದುಕೊಂಡಿದ್ದರು. ಯಾಕೆಂದರೆ ಟೆಸ್ಟ್ ಮಾಡಿದ ಫಲಿತಾಂಶವನ್ನಾಗಲಿ, ಸಪೋರ್ಟ್‌ನ ವಿವರವನ್ನಾಗಲಿ ಹೊರಗೆ ಹೇಳಬಾರದು ಎಂಬ ಷರತ್ತು ಎಲ್ಲರ ಒಪ್ಪಂದದಲ್ಲೂ ಇದೆ. ನಾನು ಹೆಸರು ಬರೆಯದಿರುವುದು ಇದೇ ಕಾರಣಕ್ಕೆ.

ಈ ಷರತ್ತಿಗೆ ಹಳೆಯ ಕಥೆಯೇ ಇದೆ. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಡಿವಿಟ್ ಡೇಟಾಬೇಸ್‌ಗಳ ವೇಗ ಅಳೆದು ಪ್ರಕಟಿಸಿದರು. ಅದರಲ್ಲಿ ಒರೇಕಲ್ ಎಂಬ ಕಂಪನಿಯ ಡೇಟಾಬೇಸ್‌ನ ಅಂಕಿ ಚೆನ್ನಾಗಿರಲಿಲ್ಲ. ಆಮೇಲೆ ಅನುಮತಿ ಇಲ್ಲದೆ ವೇಗದ ಪರೀಕ್ಷೆ ಪ್ರಕಟಿಸುವಂತಿಲ್ಲ ಎಂಬ ಷರತ್ತು ಒರೇಕಲ್‌ನ ಲೈಸೆನ್ಸ್‌ಗೆ ಬಂತು. ಬೇರೆ ಕಂಪನಿಗಳೂ ಅದನ್ನೇ ಹಿಡಿದವು. ಇವತ್ತಿಗೂ ಅದಕ್ಕೆ ‘ಡಿವಿಟ್ ಕ್ಲಾಜ್’ (ಡಿವಿಟ್ ಷರತ್ತು) ಎಂದೇ ಹೆಸರು. ಕಂಪನಿ ತನ್ನ ಗ್ರಾಫನ್ನು ಊರೆಲ್ಲ ಹಂಚಬಹುದು, ದುಡ್ಡು ಕೊಟ್ಟವನು ತನ್ನ ಗ್ರಾಫ್ ತೋರಿಸುವಂತಿಲ್ಲ. ಇದು ಯಾವ ನ್ಯಾಯ?

ಡಿಫಾಲ್ಟ್ ಸೆಟ್ಟಿಂಗ್‌ನ ವಿಷಯವೂ ಹೊಸದಲ್ಲ. ನಾನು ಹೇಳುತ್ತಿರುವ ಕಂಪನಿ ಅದಲ್ಲ, ಆದರೆ ಮೊಂಗೋಡಿಬಿ ಎಂಬ ಡೇಟಾಬೇಸ್‌ನ ಉದಾಹರಣೆ ಎಲ್ಲರ ಮುಂದಿದೆ. 2012ರ ಕೊನೆಯವರೆಗೆ ಅದರ ಡ್ರೈವರ್‌ಗಳು (ನಮ್ಮ ಸಾಫ್ಟ್‌ವೇರನ್ನು ಡೇಟಾಬೇಸ್‌ಗೆ ಜೋಡಿಸುವ ಭಾಗಗಳು), ಬರೆದದ್ದು ಸರ್ವರ್‌ಗೆ ಮುಟ್ಟಿತೋ ಇಲ್ಲವೋ ಎಂದೇ ಡಿಫಾಲ್ಟ್ ಆಗಿ ಕಾಯುತ್ತಿರಲಿಲ್ಲ. 2020ರ ಮೇನಲ್ಲಿ ಡೇಟಾಬೇಸ್‌ಗಳನ್ನು ಪರೀಕ್ಷಿಸುವ ಕೈಲ್ ಕಿಂಗ್ಸ್‌ಬರಿ ಅವರ ‘ಜೆಪ್ಸನ್’ ವರದಿ, ಆ ಕಂಪನಿಯ ಪ್ರಚಾರದ ಮಾತಿಗೂ ಪರೀಕ್ಷೆಯಲ್ಲಿ ಕಂಡದ್ದಕ್ಕೂ ಎಷ್ಟು ಅಂತರ ಇದೆ ಎಂದು ಬಿಡಿಸಿಟ್ಟಿತು. 2021ರಲ್ಲಿ ಬಂದ 5.0 ಆವೃತ್ತಿಯಲ್ಲಿ ಡಿಫಾಲ್ಟನ್ನು ಬಿಗಿ ಮಾಡಿದರು. ತಪ್ಪೇ ಇಲ್ಲದ ಡೇಟಾಬೇಸ್ ಯಾವುದೂ ಇಲ್ಲ. ಉಚಿತವಾಗಿ ಸಿಗುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲೂ ಡಿಸ್ಕಿಗೆ ಬರೆಯುವುದು ವಿಫಲವಾದಾಗಿನ ಒಂದು ಗಂಭೀರ ದೋಷ 2018ರಲ್ಲಿ ಸಿಕ್ಕಿತು. ಆದರೆ ಅದನ್ನು ಎಲ್ಲರ ಎದುರೇ ಚರ್ಚಿಸಿ 2019ರ ಫೆಬ್ರವರಿಯಲ್ಲಿ ಸರಿಪಡಿಸಿದರು. ನನಗೆ ಬೇಕಾಗಿದ್ದು ಅಷ್ಟು ಪ್ರಾಮಾಣಿಕತೆ.

ಡೇಟಾ ಹೊರಗೆ ತರುವ ದಾರಿಯ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ನಮ್ಮ ಭಾಗದ ಎಷ್ಟೋ ಅಂಗಡಿ, ಸೊಸೈಟಿಗಳ ಲೆಕ್ಕ ಫಾಕ್ಸ್‌ಪ್ರೊ ಎಂಬ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿತ್ತು. 2007ರಲ್ಲಿ ಮೈಕ್ರೋಸಾಫ್ಟ್ ಇನ್ನು ಹೊಸ ಆವೃತ್ತಿ ಇಲ್ಲ ಎಂದಿತು. ಬಳಕೆದಾರರು ಸಹಿ ಸಂಗ್ರಹಿಸಿ ಕೇಳಿಕೊಂಡರೂ ನಿರ್ಧಾರ ಬದಲಾಗಲಿಲ್ಲ. 2015ರ ಜನವರಿಯಲ್ಲಿ ಸಪೋರ್ಟ್ ಪೂರ್ತಿ ನಿಂತಿತು. ಆದರೂ ಅದರ ಡಿಬಿಎಫ್ ಫೈಲುಗಳನ್ನು ಓದುವ ಬೇರೆ ಸಾಫ್ಟ್‌ವೇರ್‌ಗಳು ಬೇಕಾದಷ್ಟಿದ್ದವು, ಹಳೆಯ ಲೆಕ್ಕ ಹೊರಗೆ ಬಂತು. ನಮ್ಮ ಈ ಡೇಟಾಬೇಸ್‌ನ ಫೈಲ್ ಅದರದ್ದೇ ಗೂಢ ರೂಪದಲ್ಲಿದೆ. ಎಲ್ಲ ಟೇಬಲ್‌ಗಳನ್ನೂ ಒಟ್ಟಿಗೆ ಹೊರತೆಗೆಯುವ ಸಾಧನಕ್ಕೆ ಬೇರೆ ದುಡ್ಡು. ನಾನು ಒಂದೊಂದೇ ಟೇಬಲ್ ಓದಿ ಸಿಎಸ್‌ವಿಗೆ (ಯಾವ ಸಾಫ್ಟ್‌ವೇರ್ ಬೇಕಾದರೂ ಓದಬಲ್ಲ ಸರಳ ಪಠ್ಯ ಫೈಲ್) ಬರೆಯುವ ಸ್ಕ್ರಿಪ್ಟ್ ಮಾಡಿಕೊಂಡು ಪೋಸ್ಟ್‌ಗ್ರೆಸ್‌ಗೆ ಸಾಗಿಸುತ್ತಿದ್ದೇನೆ.

ಕೊಳ್ಳುವ ಮುಂಚೆ ಏನು ಮಾಡಬೇಕು ಎಂದು ಕೇಳಿದರೆ ನನ್ನ ಉತ್ತರ ಇದು. ಡೆಮೊ ಅವರ ಲ್ಯಾಪ್‌ಟಾಪ್‌ನಲ್ಲಿ ಬೇಡ, ನಿಮ್ಮ ಯಂತ್ರದಲ್ಲಿ ಮಾಡಿಸಿ. ಬಿಲ್ ಹೊಡೆಯುತ್ತಿರುವಾಗಲೇ ಪ್ಲಗ್ ಕಿತ್ತುಹಾಕಿ. ಮತ್ತೆ ಆನ್ ಮಾಡಿ, ಪರದೆಯ ಮೇಲೆ ‘ಸೇವ್’ ಎಂದು ಬಂದ ಕೊನೆಯ ಬಿಲ್ ಒಳಗಿದೆಯೇ ನೋಡಿ. ಇದಕ್ಕೆ ಒಪ್ಪದ ಮಾರಾಟಗಾರರನ್ನು ಅಲ್ಲಿಂದಲೇ ಕಳಿಸಿಬಿಡಿ. ಬ್ಯಾಕಪ್ ಇದೆ ಎಂಬ ಮಾತು ಸಾಲದು, ಅದನ್ನು ಬೇರೊಂದು ಯಂತ್ರದಲ್ಲಿ ಕೂರಿಸಿ ತೋರಿಸಲಿ. ಡೇಟಾ ಕಳೆದರೆ ಅದು ಮೊದಲ ದರ್ಜೆಯ ತುರ್ತು ಎಂದು ಒಪ್ಪಂದದಲ್ಲೇ ಬರೆಸಿ. ಬಾಯಿಮಾತಿನಲ್ಲಿ ಹೇಳಿದ್ದನ್ನೆಲ್ಲ ಅವತ್ತೇ ಮೇಲ್ ಮಾಡಿ, ಒಪ್ಪಿಗೆ ಎಂದು ಉತ್ತರ ತರಿಸಿಕೊಳ್ಳಿ.

ಈಗಾಗಲೇ ಸಹಿ ಹಾಕಿದ್ದೀರಾ? ಹಾಗಾದರೆ ಒಪ್ಪಂದದ ನವೀಕರಣದ ಸಾಲನ್ನು ಇವತ್ತೇ ಹುಡುಕಿ. ನಮ್ಮದರಲ್ಲಿ, ಅವಧಿ ಮುಗಿಯುವ 90 ದಿನ ಮುಂಚೆ ಬೇಡ ಎಂದು ಲಿಖಿತವಾಗಿ ತಿಳಿಸದಿದ್ದರೆ ಇನ್ನೊಂದು ವರ್ಷಕ್ಕೆ ತಾನಾಗಿಯೇ ಮುಂದುವರಿಯುತ್ತದೆ ಎಂದಿತ್ತು. ನಾವು ಮೇಲ್ ಕಳಿಸಿದೆವು, ಅದೇ ಪತ್ರವನ್ನು ಅಂಚೆಯಲ್ಲಿ ರಿಜಿಸ್ಟರ್ ಮಾಡಿಯೂ ಕಳಿಸಿ ಸ್ವೀಕೃತಿ ಚೀಟಿಯನ್ನು ಫೈಲ್‌ನಲ್ಲಿ ಇಟ್ಟಿದ್ದೇವೆ. ಮೇಲ್‌ಗೆ ಇನ್ನೂ ಉತ್ತರ ಬಂದಿಲ್ಲ.