ಉಗಾಂಡಾಗೆ ಹೋಗೋರೇ, 10 ದಿನದ ಲೆಕ್ಕ ಮರೀಬೇಡಿ (ನಾವು ಏರ್‌ಪೋರ್ಟಿಂದ ವಾಪಸ್ ಬಂದ್ವಿ)

ಅಕ್ಕ ಇರೋದು ಕಂಪಾಲಾದಲ್ಲಿ. ಬಾಣಂತನಕ್ಕೆ ಅಮ್ಮನ್ನ ಕರ್ಕೊಂಡು ಹೋಗಿ ಬಿಟ್ಟು ಬರೋ ಜವಾಬ್ದಾರಿ ನಂದು. ಟಿಕೆಟ್ ಒಂದೂವರೆ ತಿಂಗಳು ಮುಂಚೆನೇ ಬುಕ್ ಆಗಿತ್ತು, ವೀಸಾ ಆನ್‌ಲೈನಲ್ಲಿ ಬಂತು, ಅಂಟಿನುಂಡೆ ಕಟ್ಟಿದ್ದಾಯ್ತು, ಬಾಣಂತಿ ಖಾರದ ಪುಡಿ ಎರಡೆರಡು ಕವರ್ ಹಾಕಿ ಪ್ಯಾಕ್ ಆಯ್ತು, ಎಲ್ಲದಕ್ಕೂ ಟೈಮ್ ಸಿಕ್ತು, ಅಲ್ಲಿಗೆ ಹೋಗೋಕೆ ಹಾಕಿಸ್ಕೊಳ್ಳಲೇಬೇಕಾದ ಯೆಲ್ಲೋ ಫೀವರ್ (ಸೊಳ್ಳೆಯಿಂದ ಹರಡೋ ಹಳದಿ ಜ್ವರ) ಇಂಜೆಕ್ಷನ್ ಒಂದು ಬಿಟ್ಟು. ಏಜೆಂಟ್ ಹೇಳಿದ್ದು "ಅದೇನ್ ಸಾರ್ ಐದು ನಿಮಿಷದ ಕೆಲಸ, ಹೋಗೋ ವಾರ ಹಾಕಿಸ್ಕೊಳಿ" ಅಂತ. ನಾನೂ ಟಿಟಿ ಇಂಜೆಕ್ಷನ್ ಥರ ಅಂದ್ಕೊಂಡು ಸುಮ್ನಾದೆ.

ಮನೆ ಹತ್ರದ ಕ್ಲಿನಿಕ್ಕಲ್ಲಿ ಇದು ಸಿಗಲ್ಲ, ಸರ್ಕಾರ ಗೊತ್ತು ಮಾಡಿರೋ ಸೆಂಟರಲ್ಲಿ ಮಾತ್ರ. ಒಂದು ವಯಲ್‌ನಲ್ಲಿ ಸುಮಾರು ಜನಕ್ಕಾಗೋ ಡೋಸ್ ಇರುತ್ತೆ, ಒಂದ್ಸಲ ಕಲಸಿದ್ಮೇಲೆ 6 ಗಂಟೆ ಒಳಗೆ ಮುಗಿಸ್ಬೇಕು, ಅದಕ್ಕೇ ನಮ್ಮ ಸೆಂಟರಲ್ಲಿ ಗೊತ್ತಾದ ದಿನ, ಅಪಾಯಿಂಟ್‌ಮೆಂಟ್ ಇದ್ದೋರಿಗಷ್ಟೇ ಹಾಕ್ತಾರೆ. ನಮಗೆ ಸಿಕ್ಕಿದ್ದು ಬುಧವಾರ. ಫ್ಲೈಟ್ ಭಾನುವಾರ ಬೆಳಗಿನ ಜಾವ. ಅಮ್ಮಂಗೆ 64, ಅರವತ್ತು ದಾಟಿದೋರಿಗೆ ಮೊದಲ ಸಲ ಹಾಕುವಾಗ ಸೈಡ್ ಎಫೆಕ್ಟ್ ರಿಸ್ಕ್ ಸ್ವಲ್ಪ ಜಾಸ್ತಿ ಅಂತ ಡಾಕ್ಟರ್ ಕೂರಿಸ್ಕೊಂಡು ಎಲ್ಲಾ ಕೇಳಿದ್ರು, ಯಾವ ಮಾತ್ರೆ ತಗೋತೀರಾ, ಮೊಟ್ಟೆ ಅಲರ್ಜಿ ಇದ್ಯಾ ಅಂತೆಲ್ಲ. "ಮೊಟ್ಟೆ ಮನೆ ಒಳಗೇ ತರಲ್ಲ ಡಾಕ್ಟ್ರೇ" ಅಂದ್ರು ಅಮ್ಮ. ಹಳದಿ ಪುಸ್ತಕದಲ್ಲಿ (ಇಂಜೆಕ್ಷನ್ ಹಾಕಿಸಿದ್ದಕ್ಕೆ ಕೊಡೋ ಸರ್ಟಿಫಿಕೇಟ್ ಕಾರ್ಡ್ ಅದೇ) ಸೀಲ್ ಹೊಡೆದು, ಯಾವತ್ತಿಂದ ವ್ಯಾಲಿಡ್ ಅನ್ನೋ ಕಾಲಂನಲ್ಲಿ ಹತ್ತು ದಿನ ಮುಂದಿನ ಡೇಟ್ ಬರೆದು ಕೊಟ್ರು. ಮೈಯಲ್ಲಿ ರೋಗ ತಡೆಯೋ ಶಕ್ತಿ ಬರೋಕೆ ಅಷ್ಟು ದಿನ ಬೇಕಂತೆ. ಆಮೇಲೆ ಜೀವನ ಪೂರ್ತಿ ನಡಿಯುತ್ತೆ, 2016ರಿಂದ ಹತ್ತು ವರ್ಷಕ್ಕೊಮ್ಮೆ ಅನ್ನೋ ರೂಲ್ ಇಲ್ಲ. ಇದನ್ನೆಲ್ಲ ಕೇಳಿಸ್ಕೊಂಡೂ ನಾನು, ಆ ಡೇಟ್ ಯಾರು ನೋಡ್ತಾರೆ ಬಿಡು ಅಂದ್ಕೊಂಡೆ ನೋಡಿ, ಅಲ್ಲೇ ಕೆಟ್ಟಿದ್ದು.

ನೋಡಿದ್ರು. ಚೆಕ್-ಇನ್ ಕೌಂಟರ್ ಹುಡುಗಿ ಪಾಸ್‌ಪೋರ್ಟ್ ಆದ್ಮೇಲೆ ಕೇಳಿದ್ದೇ ಆ ಪುಸ್ತಕ. ಬೆರಳಿಟ್ಟು ಡೇಟ್ ಓದಿ "ಸಾರ್, ಬೋರ್ಡಿಂಗ್ ಕೊಡೋಕಾಗಲ್ಲ" ಅಂದ್ಳು. ಅಮ್ಮ ಸೆರಗು ಸರಿಸಿ ತೋಳು ತೋರಿಸಿ "ನೋಡಮ್ಮ, ಸೂಜಿ ಹಾಕಿಸ್ಕೊಂಡಿದೀನಿ, ಇನ್ನೂ ನೋಯ್ತಿದೆ" ಅಂತಿದಾರೆ, ಹಿಂದೆ ಕ್ಯೂ ಪೂರ್ತಿ ನಮ್ಮನ್ನೇ ನೋಡ್ತಿದೆ. ರಾತ್ರಿ ಒಂದೂವರೆಗೆ ಫೋನ್ ಎತ್ತಿದ ಏಜೆಂಟ್, ಹಿಂದಿನ ಡೇಟ್ ಹಾಕಿರೋ ಕಾರ್ಡ್ ಮಾಡಿಸ್ಕೊಡ್ತೀನಿ, ನಾಳೆ ಹೋಗಿ ಅಂದ. ಆಸೆ ಆಗಿದ್ದು ನಿಜ. "ಹಸುಗೂಸು ಬರೋ ಮನೆಗೆ ಸುಳ್ಳು ಚೀಟಿ ಇಟ್ಕೊಂಡು ಬರಲ್ಲ ಕಣೋ" ಅಂದ್ರು ಅಮ್ಮ. ದಯವಿಟ್ಟು ಆ ಕೆಲಸ ಮಾಡ್ಬೇಡಿ. ಸರಿಯಾದ ಕಾರ್ಡ್ ಇಲ್ದೆ ಅಲ್ಲಿಂದ ವಾಪಸ್ ಬಂದ್ರೂ ಇಲ್ಲಿ 6 ದಿನದ ತನಕ ಕ್ವಾರಂಟೈನ್‌ನಲ್ಲಿ ಕೂರಿಸ್ತಾರೆ. ಈ ಜ್ವರ ಹರಡೋ ಈಡಿಸ್ ಸೊಳ್ಳೆ ನಮ್ಮೂರಲ್ಲೂ ಇದೆಯಲ್ಲ, ಡೆಂಗಿ ತರೋ ಅದೇ ಸೊಳ್ಳೆ, ರೋಗ ಮಾತ್ರ ಇನ್ನೂ ಬಂದಿಲ್ಲ, ಅದಕ್ಕೇ ಇಷ್ಟು ಸ್ಟ್ರಿಕ್ಟು.

ಮುಂದಿನ ಭಾನುವಾರಕ್ಕೆ ಟಿಕೆಟ್ ಬದಲಾಯಿಸಿದ್ವಿ, ದುಡ್ಡು ಎಷ್ಟು ಹೋಯ್ತು ಅಂತ ಹೆಂಡತಿಗೆ ಇವತ್ತಿಗೂ ಸರಿಯಾಗಿ ಹೇಳಿಲ್ಲ. ಅಕ್ಕಂಗೆ ಮಂಗಳವಾರನೇ ಹೆರಿಗೆ ಆಯ್ತು. ಮೊದಲ ಮೊಮ್ಮಗಳನ್ನ ಅಮ್ಮ ವಿಡಿಯೋ ಕಾಲಲ್ಲಿ ನೋಡಿದ್ರು, ಅಂಟಿನುಂಡೆ ಡಬ್ಬ ಪಕ್ಕದಲ್ಲೇ ಇತ್ತು.

ಇಷ್ಟಕ್ಕೇ ಬುದ್ಧಿ ಬಂದಿದ್ರೆ ಸರಿಹೋಗ್ತಿತ್ತು. ಅಲ್ಲಿ ಮಲೇರಿಯಾ ಬರದೇ ಇರ್ಲಿ ಅಂತ ನಂಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಿದ್ರು, ದಿನಕ್ಕೊಂದು, ವಾಪಸ್ ಬಂದ ಮೇಲೂ 4 ವಾರ ತಗೋಬೇಕು. ಎದೆ ಉರಿ ಅಂತ ನಾನು ಬಂದ ಐದನೇ ದಿನಕ್ಕೇ ನಿಲ್ಲಿಸ್ದೆ. ಆ ಪರೋಪಜೀವಿ ಮೊದಲು ಲಿವರ್‌ನಲ್ಲಿ ಅಡಗಿದ್ದು ಆಮೇಲೆ ರಕ್ತಕ್ಕೆ ಬರೋದಂತೆ, ಬರೋ ಹೊತ್ತಿಗೆ ಮಾತ್ರೆ ಒಳಗಿರ್ಬೇಕು. ಎರಡು ವಾರ ಬಿಟ್ಟು ಚಳಿ ಜ್ವರ, ಡೆಂಗಿ ಟೆಸ್ಟ್, ಟೈಫಾಯ್ಡ್ ಟೆಸ್ಟ್, ಎಲ್ಲಾ ನೆಗೆಟಿವ್. ಉಗಾಂಡಾಗೆ ಹೋಗಿದ್ದೆ ಅಂತ ನಾನೂ ಹೇಳ್ಲಿಲ್ಲ, ಅವರೂ ಕೇಳ್ಲಿಲ್ಲ. ಮೂರನೇ ದಿನ ಇನ್ನೊಬ್ಬ ಡಾಕ್ಟರ್ ಕೇಳಿದ್ಮೇಲೆ ರಕ್ತ ನೋಡಿದ್ರೆ ಫಾಲ್ಸಿಪಾರಮ್, ಮಲೇರಿಯಾದಲ್ಲೇ ಅಪಾಯದ್ದು. ಇನ್ನೆರಡು ದಿನ ಬಿಟ್ಟಿದ್ರೆ ಮಿದುಳಿಗೆ ಹೋಗ್ಬಹುದಿತ್ತು ಅಂತ ಬೈದು ಅಡ್ಮಿಟ್ ಮಾಡ್ಕೊಂಡ್ರು.

ಈಗ ಭಾವನ ಅಪ್ಪ ಅಮ್ಮ ಹೊರಟಿದಾರೆ, ಫ್ಲೈಟ್‌ಗೆ ಇನ್ನೂ ಏಳು ವಾರ ಇದೆ. ನಿನ್ನೆನೇ ಕರ್ಕೊಂಡು ಹೋಗಿ ಹಾಕಿಸ್ಕೊಂಡು ಬಂದೆ.