ಖಾಸಗಿ ಆರೋಗ್ಯ ವಿಮೆ ಮತ್ತು ಸಾರ್ವಜನಿಕ ವ್ಯವಸ್ಥೆ: ರೋಗಿಯ ಕೈಯಿಂದ ಹೋಗುವ ಹಣದ ಲೆಕ್ಕ

ಆರೋಗ್ಯ ವಿಮೆ ಮಾಡಿಸಲು ಹೊರಟವರು ಮೊದಲು ವಿಚಾರಿಸುವುದು ಪ್ರೀಮಿಯಂ ಎಷ್ಟೆಂದು. ಸಾರ್ವಜನಿಕ ವ್ಯವಸ್ಥೆಯ ಪರ ಮಾತನಾಡುವವರು ಮೊದಲು ಹೇಳುವುದು ಅಲ್ಲಿ ಚಿಕಿತ್ಸೆ ಉಚಿತವೆಂದು. ಈ ಎರಡರಿಂದಲೂ ಒಂದು ಕುಟುಂಬಕ್ಕೆ ಬೀಳುವ ನಿಜವಾದ ಖರ್ಚು ತಿಳಿಯುವುದಿಲ್ಲ. ಪ್ರೀಮಿಯಂನಲ್ಲಿ ಆರೋಗ್ಯವಾಗಿರುವ ವರ್ಷದ ಖರ್ಚು ಮಾತ್ರ ಕಾಣುತ್ತದೆ. ತೆರಿಗೆಯ ಮೂಲಕ ತೆತ್ತ ಹಣ ಆಸ್ಪತ್ರೆಯ ಬಾಗಿಲಲ್ಲಿ ಕಾಣುವುದೇ ಇಲ್ಲ. ಹಾಗಾಗಿ ನಾನು ಎರಡೂ ಸೇವೆಗಳನ್ನು ಒಂದೇ ಪ್ರಶ್ನೆಯಿಂದ ಅಳೆದಿದ್ದೇನೆ: ಗಂಭೀರ ಕಾಯಿಲೆ ಬಂದ ವರ್ಷದಲ್ಲಿ ರೋಗಿಯ ಕೈಯಿಂದ ಹೆಚ್ಚೆಂದರೆ ಎಷ್ಟು ಹಣ ಹೋಗುತ್ತದೆ, ಮತ್ತು ಆ ಮಿತಿಯನ್ನು ಅವರ ಆದಾಯ ನೋಡಿ ನಿಗದಿ ಮಾಡಲಾಗಿದೆಯೇ?

ಖಾಸಗಿ ವಿಮೆಯನ್ನೇ ಹೆಚ್ಚಾಗಿ ನೆಚ್ಚಿಕೊಂಡಿರುವ ಅಮೆರಿಕದ ಒಂದು ಬಿಲ್ಲನ್ನು ಬಿಡಿಸಿ ನೋಡೋಣ. ಪಾಲಿಸಿಯ ಡಿಡಕ್ಟಿಬಲ್ (ವಿಮೆ ಹಣ ಕೊಡಲು ಆರಂಭಿಸುವ ಮೊದಲು ಪ್ರತಿ ವರ್ಷ ರೋಗಿಯೇ ಪೂರ್ತಿ ಭರಿಸಬೇಕಾದ ಮೊತ್ತ) 2,000 ಡಾಲರ್, ಅದರ ಮೇಲಿನ ಮೊತ್ತದಲ್ಲಿ ರೋಗಿಯ ಪಾಲು ಶೇ. 20 ಎಂದಿಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆಯ ಬಿಲ್ಲು 30,000 ಡಾಲರ್ ಆದರೆ ರೋಗಿ ಮೊದಲ 2,000 ಡಾಲರನ್ನು ಪೂರ್ತಿಯಾಗಿ, ಉಳಿದ 28,000ದಲ್ಲಿ 5,600ನ್ನು, ಅಂದರೆ ಒಟ್ಟು 7,600 ಡಾಲರ್ ಕೊಡಬೇಕು. ಬಿಲ್ಲು ಇದರ ಎರಡರಷ್ಟಾದರೆ ಕಾನೂನಿನ ಗರಿಷ್ಠ ಮಿತಿ ನೆರವಿಗೆ ಬರುತ್ತದೆ. 2024ರಲ್ಲಿ ಆ ಮಿತಿ ಒಬ್ಬರಿಗೆ 9,450 ಡಾಲರ್, ಕುಟುಂಬಕ್ಕೆ 18,900 ಡಾಲರ್ ಇತ್ತು. ಈ ಮಿತಿಯಲ್ಲಿ ಪ್ರೀಮಿಯಂ ಸೇರಿಲ್ಲ, ನೆಟ್‌ವರ್ಕ್‌ನ (ವಿಮಾ ಕಂಪನಿಯೊಡನೆ ಒಪ್ಪಂದವಿರುವ ಆಸ್ಪತ್ರೆ ಮತ್ತು ವೈದ್ಯರ ಪಟ್ಟಿಯ) ಹೊರಗಿನ ಚಿಕಿತ್ಸೆಯೂ ಸಾಮಾನ್ಯವಾಗಿ ಸೇರುವುದಿಲ್ಲ. ಪಾಲಿಸಿಯ ವರ್ಷ ಮುಗಿದೊಡನೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುವುದರಿಂದ, ಡಿಸೆಂಬರ್‌ನಲ್ಲಿ ಆರಂಭವಾದ ಕ್ಯಾನ್ಸರ್ ಚಿಕಿತ್ಸೆ ಜನವರಿಗೂ ಮುಂದುವರಿದರೆ ಅದೇ ಕಾಯಿಲೆಗೆ ಡಿಡಕ್ಟಿಬಲ್ಲನ್ನು ಎರಡು ಸಲ ತೆರಬೇಕಾಗುತ್ತದೆ. ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೂ ದೊಡ್ಡ ಅಧಿಕಾರಿಗೂ ಕಾನೂನಿನ ಮೇಲ್ಮಿತಿ ಒಂದೇ. ಕೆಲವು ಪಾಲಿಸಿಗಳಲ್ಲಿ ಒಂದಿಷ್ಟು ವಿನಾಯಿತಿ ಪಡೆಯುವ ಕಡಿಮೆ ಆದಾಯದವರನ್ನು ಬಿಟ್ಟರೆ, ಉಳಿದವರ ವರಮಾನವನ್ನು ಆ ಮಿತಿ ಕೇಳುವುದೇ ಇಲ್ಲ.

ಪ್ರೀಮಿಯಂ ವಿಷಯದಲ್ಲೂ ಒಂದು ಮಾತು ಹೇಳಬೇಕು. 2024ರಲ್ಲಿ ಅಲ್ಲಿನ ಉದ್ಯೋಗದಾತರ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಪ್ರೀಮಿಯಂ 25,572 ಡಾಲರ್; ಅದರಲ್ಲಿ ನೌಕರರ ಸಂಬಳದಿಂದ ನೇರವಾಗಿ ಕಡಿತವಾದದ್ದು 6,296 ಡಾಲರ್. ಮಿಕ್ಕದ್ದನ್ನು ಕಂಪನಿ ಕೊಟ್ಟಿತೆಂದು ನೌಕರರು ಸಮಾಧಾನಪಡಬಹುದು, ಆದರೆ ಅದರ ಬಹುಪಾಲು ಸಂಬಳವಾಗಿ ಬರಬೇಕಿದ್ದ ಹಣವೇ ಎಂಬುದು ಅರ್ಥಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುವ ಸಂಗತಿ. ಸಾರ್ವಜನಿಕ ವ್ಯವಸ್ಥೆಯ ತೆರಿಗೆಯನ್ನು ಖರ್ಚೆಂದು ಎಣಿಸುವವರು ಈ ಮೊತ್ತವನ್ನೂ ಎಣಿಸಲೇಬೇಕು, ಇಲ್ಲದಿದ್ದರೆ ಹೋಲಿಕೆ ನ್ಯಾಯವಾಗುವುದಿಲ್ಲ.

ವಿಮಾ ಕಂಪನಿಗಳನ್ನೇ ಇಟ್ಟುಕೊಂಡು ನಿಯಮಗಳನ್ನು ಬಿಗಿ ಮಾಡಿದರೆ ಏನಾಗುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನಲ್ಲಿ ನೋಡಬಹುದು. ಅಲ್ಲಿ 1996ರಿಂದ ಮೂಲ ವಿಮೆ ಎಲ್ಲರಿಗೂ ಕಡ್ಡಾಯ, ಮತ್ತು ಕಾಯಿಲೆಯ ನೆಪವೊಡ್ಡಿ ಕಂಪನಿಗಳು ಯಾರನ್ನೂ ತಿರಸ್ಕರಿಸುವಂತಿಲ್ಲ. ವಯಸ್ಕರು ವರ್ಷಕ್ಕೆ 300 ಫ್ರಾಂಕ್‌ನಿಂದ 2,500 ಫ್ರಾಂಕ್‌ವರೆಗೆ ತಮ್ಮ ಡಿಡಕ್ಟಿಬಲ್ಲನ್ನು ಆರಿಸಿಕೊಳ್ಳಬಹುದು. ಅದರ ಮೇಲಿನ ವೆಚ್ಚದಲ್ಲಿ ಶೇ. 10ರಷ್ಟನ್ನು, 700 ಫ್ರಾಂಕ್ ತಲುಪುವವರೆಗೆ, ಅವರೇ ಕೊಡಬೇಕು. ಅಂದರೆ ಆಸ್ಪತ್ರೆಯ ದಿನಶುಲ್ಕವನ್ನು ಬಿಟ್ಟರೆ ಕಡಿಮೆ ಡಿಡಕ್ಟಿಬಲ್ಲಿನವರ ಗರಿಷ್ಠ ಹೊರೆ 1,000 ಫ್ರಾಂಕ್, ಹೆಚ್ಚಿನದನ್ನು ಆರಿಸಿಕೊಂಡವರದ್ದು 3,200. ಈ ಹೆಚ್ಚುವರಿ 2,200 ಫ್ರಾಂಕ್‌ನ ಅಪಾಯವನ್ನು ಹೊತ್ತುಕೊಂಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗಬಹುದಾದ ರಿಯಾಯಿತಿಯನ್ನು ಕಾನೂನು ಶೇ. 70ಕ್ಕೆ, ಎಂದರೆ 1,540 ಫ್ರಾಂಕ್‌ಗೆ ಸೀಮಿತಗೊಳಿಸಿದೆ. ಲೆಕ್ಕ ಹಾಕಿದರೆ, ವರ್ಷದ ವೈದ್ಯಕೀಯ ವೆಚ್ಚ ಸುಮಾರು 2,000 ಫ್ರಾಂಕ್ ದಾಟಿದೊಡನೆ ದೊಡ್ಡ ಡಿಡಕ್ಟಿಬಲ್ ನಷ್ಟದ ವ್ಯವಹಾರವಾಗುತ್ತದೆ. ಇಷ್ಟು ಸ್ಪಷ್ಟವಾಗಿ ಲೆಕ್ಕ ಸಿಗುವುದೇ ಈ ವ್ಯವಸ್ಥೆಯ ದೊಡ್ಡ ಗುಣ. ಆದರೆ ಪ್ರೀಮಿಯಂ ಇಲ್ಲಿಯೂ ಆದಾಯವನ್ನು ಅನುಸರಿಸುವುದಿಲ್ಲ. ಸರ್ಕಾರದ ಸಹಾಯಧನಕ್ಕೆ ಅರ್ಹರಾಗದೆ ಸ್ವಲ್ಪದರಲ್ಲೇ ಮೇಲೆ ನಿಂತ ಮಧ್ಯಮ ವರ್ಗದ ಕುಟುಂಬಕ್ಕೆ ಅದು ಭಾರವೇ ಸರಿ.

ಎರಡೂ ಬಗೆಯ ವಿಮೆಯನ್ನು ಒಂದೇ ದೇಶದಲ್ಲಿ ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದರೆ ಜರ್ಮನಿಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. 1883ರಲ್ಲಿ ಚಾನ್ಸಲರ್ ಬಿಸ್ಮಾರ್ಕ್ ಕಾಲದಲ್ಲಿ ಆರಂಭವಾದ ಅಲ್ಲಿನ ಶಾಸನಬದ್ಧ ಸಾರ್ವಜನಿಕ ವಿಮೆಗೆ ವೇತನದ ಶೇ. 14.6 ಮತ್ತು ಅದರ ಮೇಲೆ ಒಂದು ಹೆಚ್ಚುವರಿ ವಂತಿಗೆ ಹೋಗುತ್ತದೆ. ಅರ್ಧ ನೌಕರರದು, ಅರ್ಧ ಮಾಲೀಕರದು. ಸ್ವಂತ ಆದಾಯವಿಲ್ಲದ ಸಂಗಾತಿಗೂ ಮಕ್ಕಳಿಗೂ ಬೇರೆ ವಂತಿಗೆ ಇಲ್ಲ. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದರೆ ದಿನಕ್ಕೆ 10 ಯೂರೋ, ಅದೂ ವರ್ಷದಲ್ಲಿ 28 ದಿನಗಳಿಗೆ ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಇಂತಹ ಶುಲ್ಕಗಳೆಲ್ಲ ಸೇರಿ ಕುಟುಂಬದ ಒಟ್ಟು ಆದಾಯದ ಶೇ. 2ನ್ನು ಮೀರುವಂತಿಲ್ಲ, ದೀರ್ಘಕಾಲದ ಕಾಯಿಲೆಯವರಿಗೆ ಆ ಮಿತಿ ಶೇ. 1. ನನ್ನ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಬೇರೆಲ್ಲೂ ಸಿಕ್ಕಿಲ್ಲ. ನಿಗದಿತ ಮಟ್ಟಕ್ಕಿಂತ ಹೆಚ್ಚು ಸಂಬಳವಿರುವ ನೌಕರರು ಇದರಿಂದ ಹೊರಬಂದು ಖಾಸಗಿ ವಿಮೆಗೆ ಸೇರಬಹುದು. ಆರೋಗ್ಯವಂತರಾದ, ಒಂಟಿಯಾಗಿರುವ ಯುವಕ ಯುವತಿಯರಿಗೆ ಅದು ಅಗ್ಗವಾಗಿಯೂ ಕಾಣುತ್ತದೆ, ತಜ್ಞ ವೈದ್ಯರ ಭೇಟಿಯೂ ಬೇಗ ಸಿಗುತ್ತದೆ. ಆದರೆ ಅಲ್ಲಿ ಪ್ರೀಮಿಯಂ ನಿರ್ಧಾರವಾಗುವುದು ಸೇರುವಾಗಿನ ವಯಸ್ಸು ಮತ್ತು ಆರೋಗ್ಯದ ಮೇಲೆ. ಹುಟ್ಟುವ ಪ್ರತಿ ಮಗುವಿಗೂ ಬೇರೆ ಪ್ರೀಮಿಯಂ. ನಿವೃತ್ತಿಯಾಗಿ ಆದಾಯ ಇಳಿದರೂ ಪ್ರೀಮಿಯಂ ಇಳಿಯುವುದಿಲ್ಲ. 55 ದಾಟಿದವರಿಗೆ ಶಾಸನಬದ್ಧ ವಿಮೆಗೆ ಮರಳುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗಿರುತ್ತದೆ. ಮೂವತ್ತರ ವಯಸ್ಸಿನಲ್ಲಿ ಉಳಿಸಿದ ಹಣವನ್ನು ಎಪ್ಪತ್ತರಲ್ಲಿ ಬಡ್ಡಿ ಸಮೇತ ತೆರಬೇಕಾಗಬಹುದು ಎಂಬುದನ್ನು ಮಾರಾಟದ ಕರಪತ್ರಗಳು ದೊಡ್ಡಕ್ಷರದಲ್ಲಿ ಮುದ್ರಿಸಬೇಕೆಂದು ನಾನು ನಂಬುತ್ತೇನೆ.

ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 1948ರ ಜುಲೈನಲ್ಲಿ ಆರಂಭವಾದಾಗ ಎಲ್ಲವೂ ಉಚಿತವಾಗಿತ್ತು. ಹೆಚ್ಚು ಕಾಲ ಹಾಗೆ ಉಳಿಯಲಿಲ್ಲ; 1951ರಲ್ಲಿ ಕೃತಕ ದಂತ ಮತ್ತು ಕನ್ನಡಕಕ್ಕೆ ಶುಲ್ಕ ಬಂದಾಗ ಸಂಸ್ಥೆಯನ್ನು ಕಟ್ಟಿದ ಸಚಿವ ಅನ್ಯೂರಿನ್ ಬೆವನ್ ರಾಜೀನಾಮೆ ಕೊಟ್ಟರು, ಮರುವರ್ಷ ಔಷಧಿ ಚೀಟಿಗೂ ಶುಲ್ಕ ಬಂತು. 2024ರ ಮೇ ತಿಂಗಳಿನಿಂದ ಇಂಗ್ಲೆಂಡಿನಲ್ಲಿ ಒಂದು ಔಷಧಿಗೆ 9.90 ಪೌಂಡ್. ತಿಂಗಳಿಗೆ ಎರಡು ಮೂರು ಔಷಧಿ ಬೇಕಾದವರು 114.50 ಪೌಂಡ್ ಕಟ್ಟಿ ವರ್ಷದ ಮುಂಗಡ ಪಾಸು ಪಡೆದರೆ ಅಲ್ಲಿಗೆ ಮುಗಿಯಿತು. 60 ದಾಟಿದವರಿಗೆ ಔಷಧಿ ಉಚಿತ. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಎಲ್ಲರಿಗೂ ಉಚಿತ. ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಬಿಲ್ಲು ನೋಡದೆ ಮನೆಗೆ ಹೋಗುವುದು ಅಲ್ಲಿ ಸಾಮಾನ್ಯ ಸಂಗತಿ. ಅಲ್ಲಿ ರೋಗಿ ತೆರುವ ನಿಜವಾದ ಬೆಲೆ ಕಾಯುವಿಕೆ. ವೈದ್ಯರು ಶಿಫಾರಸು ಮಾಡಿದ ದಿನದಿಂದ 18 ವಾರಗಳೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬ ಗುರಿ ಹಲವು ವರ್ಷಗಳಿಂದ ಈಡೇರಿಲ್ಲ. ಸವೆದ ಮಂಡಿಯ ಬದಲಾವಣೆಗಾಗಿ ಕಾಯುವ ಕಾರ್ಮಿಕರು ಆ ತಿಂಗಳುಗಳಲ್ಲಿ ಕಳೆದುಕೊಳ್ಳುವ ಸಂಪಾದನೆಯೂ ವೈದ್ಯಕೀಯ ಖರ್ಚೇ. ಸಾರ್ವಜನಿಕ ವ್ಯವಸ್ಥೆಯನ್ನು ಪ್ರೀತಿಸುವ ನಾವು ಇದನ್ನು ಮರೆಮಾಚಬಾರದು.

ಕೆನಡಾದ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, 1984ರ ಆರೋಗ್ಯ ಕಾಯಿದೆ ಅಲ್ಲಿನ ವೈದ್ಯರೂ ಆಸ್ಪತ್ರೆಗಳೂ ವಿಮೆಯಡಿ ಬರುವ ಸೇವೆಗೆ ರೋಗಿಯಿಂದ ಹಣ ಪಡೆಯದಂತೆ ತಡೆದಿದೆ. ಆದರೆ ಮನೆಯಲ್ಲಿ ನುಂಗುವ ಮಾತ್ರೆ, ಹಲ್ಲಿನ ಚಿಕಿತ್ಸೆ, ಕನ್ನಡಕ ಇವೆಲ್ಲ ಆ ಕಾಯಿದೆಯ ಹೊರಗೆ ಉಳಿದವು. ಅವಕ್ಕಾಗಿ ಬಹುಪಾಲು ಜನ ಖಾಸಗಿ ಪೂರಕ ವಿಮೆಯನ್ನು ಇಟ್ಟುಕೊಂಡಿದ್ದಾರೆ.

ಕೈಯಿಂದ ಸ್ವಲ್ಪ ಹಣ ಹೋದರೆ ಜನ ಅನಗತ್ಯವಾಗಿ ಆಸ್ಪತ್ರೆಗೆ ಹೋಗುವುದಿಲ್ಲ ಎಂಬ ವಾದವನ್ನು ಡಿಡಕ್ಟಿಬಲ್ಲಿನ ಸಮರ್ಥಕರು ಮುಂದಿಡುತ್ತಾರೆ. ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಆರಂಭಿಸಿದ ದೊಡ್ಡ ಪ್ರಯೋಗದಲ್ಲಿ ಇದು ಪರೀಕ್ಷೆಗೊಳಗಾಯಿತು. ಶುಲ್ಕವಿದ್ದಾಗ ಜನ ಕಡಿಮೆ ಚಿಕಿತ್ಸೆ ಪಡೆದದ್ದು ನಿಜ. ಆದರೆ ಅವರು ಬೇಡದ ಚಿಕಿತ್ಸೆಯನ್ನು ಬಿಟ್ಟಷ್ಟೇ ಬೇಕಾದದ್ದನ್ನೂ ಬಿಟ್ಟರು. ಬಹುಪಾಲು ಜನರ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಆದರೆ ಬಡವರಾಗಿದ್ದು ರಕ್ತದೊತ್ತಡವಿದ್ದವರು ಉಚಿತ ಚಿಕಿತ್ಸೆಯ ಗುಂಪಿನಲ್ಲಿ ಹೆಚ್ಚು ಸುಧಾರಿಸಿದರು. ಶುಲ್ಕದ ಹೆದರಿಕೆಯಿಂದ ತಡೆದುಕೊಂಡ ರಕ್ತದೊತ್ತಡದ ಮಾತ್ರೆ ಮುಂದೆ ಪಾರ್ಶ್ವವಾಯುವಾಗಿ ಮರಳಿದರೆ ಆ ಉಳಿತಾಯಕ್ಕೆ ಅರ್ಥವೇನು?

ಹೀಗಾಗಿ ನನ್ನ ಆಯ್ಕೆ ಆದಾಯಕ್ಕೆ ತಕ್ಕ ಮಿತಿಯಿರುವ ಸಾರ್ವಜನಿಕ ವ್ಯವಸ್ಥೆ. ಮಕ್ಕಳಿರುವವರಿಗೆ, ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯಂಥ ಬಿಡದ ರೋಗವಿರುವವರಿಗೆ ಇದರಲ್ಲಿ ಎರಡನೆಯ ಮಾತಿಲ್ಲ. ಅಂತಹ ವ್ಯವಸ್ಥೆಯಿರುವ ದೇಶದಲ್ಲಿದ್ದೂ ಕಾಯುವಿಕೆಯನ್ನು ತಪ್ಪಿಸಲು ಖಾಸಗಿ ಪಾಲಿಸಿ ಬೇಕೆನ್ನುವವರು, ಬ್ರಿಟನ್ನಿನ ಇಂತಹ ಪಾಲಿಸಿಗಳು ಸಾಮಾನ್ಯವಾಗಿ ಮೊದಲೇ ಇದ್ದ ಕಾಯಿಲೆ, ದೀರ್ಘಕಾಲದ ಕಾಯಿಲೆ ಮತ್ತು ತುರ್ತು ಚಿಕಿತ್ಸೆಯನ್ನು ಹೊರಗಿಡುತ್ತವೆ ಎಂಬುದನ್ನು ತಿಳಿದಿರಬೇಕು. ಅವುಗಳ ಹೊರೆ ಎನ್‌ಎಚ್‌ಎಸ್ ಮೇಲೆಯೇ ಬೀಳುತ್ತದೆ. ಅಲ್ಲಿನ ಹಲವು ಕಂಪನಿಗಳಲ್ಲಿ 'ಆರು ವಾರಗಳ ಆಯ್ಕೆ' ಎಂಬುದಿದೆ: ಸಾರ್ವಜನಿಕ ಆಸ್ಪತ್ರೆಯಲ್ಲಿ ಆರು ವಾರಗಳೊಳಗೆ ಒಳರೋಗಿ ಚಿಕಿತ್ಸೆ ಸಿಗುವಂತಿದ್ದರೆ ಅಲ್ಲೇ ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ಮಾತ್ರ ಕಂಪನಿ ಹಣ ಕೊಡುತ್ತದೆ. ಪ್ರೀಮಿಯಂ ಸಾಕಷ್ಟು ಕಡಿಮೆಯಾಗುತ್ತದೆ, ಮತ್ತು ಕೊಟ್ಟ ಹಣ ಕಾಯುವಿಕೆ ಎಂಬ ಒಂದೇ ಕೊರತೆಗೆ ಹೋಗುತ್ತದೆ.